ಒಂದೇ ಕಾಲುವೆಯವರು

ಇವತ್ತು ಬೆಳಿಗ್ಗೆ ಕಾಲುವೆಗೆ ಈ ವರ್ಷದ ಮೊದಲ ನೀರು ಬಂತು. ಬಿರುಕು ಬಿಟ್ಟ ಮಣ್ಣು ನೆನೆದು ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಳಗದ್ದೆಯವರು ನೆನಪಾದರು... ಅವರಿಗಿಂತ ಮೊದಲು ಅವರ ಬೈಗುಳ!

ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ಪಕ್ಕದ ಹಳ್ಳಿಯಲ್ಲಿ ನಮಗೊಂದು ತುಂಡು ಗದ್ದೆ, ಅದರ ಕೆಳಗೆ ಅವರದು. ನಾನು ಕಾಲುವೆಗೆ ಹಲಗೆ ಅಡ್ಡ ಇಟ್ಟರೆ ನೀರು ನನ್ನ ಗದ್ದೆಗೆ, ಎತ್ತಿದರೆ ಅವರಿಗೆ. ಹಾಗಾಗಿ ನಮ್ಮದು ಹಾವು ಮುಂಗುಸಿ ಸಂಬಂಧ.

ಒಂದು ದಿನ ತರಗತಿಯಲ್ಲಿ ‘ರೈವಲ್’ ಎಂಬ ಪದದ ಪಾಠ ಮುಗಿಸಿ ಗದ್ದೆಗೆ ಹೋದೆ. ಕೆಳಗದ್ದೆಯವರು ಗುದ್ದಲಿ ಹಿಡಿದು ಕಾಯುತ್ತಿದ್ದರು.

“ಏನ್ ಮೇಡಮ್ಮೋರೆ, ಹಲ್ಗೆ ಎತ್ತೋದೇ ಮರ್ತ್ಬುಟ್ರಾ? ನನ್ ಪೈರು ಒಣಗ್ತಾ ಅದೆ!”

ನನಗೂ ರೇಗಿತು. “ನಿಮ್ಮಂಥೋರಿಗೇ ಇಂಗ್ಲಿಷಲ್ಲಿ ರೈವಲ್ ಅನ್ನೋದು” ಎಂದೆ. ಹಾಗಂದರೇನು ಎಂದರು. ಎದುರಾಳಿ ಎಂದೆ. ಅಷ್ಟಕ್ಕೇ ಬಿಡದೆ, ಟೀಚರಮ್ಮನ ಚಾಳಿ ನೋಡಿ, ಮೂಲವನ್ನೂ ಹೇಳಿದೆ. ಲ್ಯಾಟಿನ್ನಿನಲ್ಲಿ ‘ರೀವುಸ್’ ಎಂದರೆ ತೊರೆ, ‘ರೀವಾಲಿಸ್’ ಎಂದರೆ ಇನ್ನೊಬ್ಬರ ಜೊತೆ ಒಂದೇ ತೊರೆಯ ನೀರು ಬಳಸುವವನು.

ಅವರು ಗುದ್ದಲಿಗೆ ಗದ್ದ ಊರಿ ಯೋಚಿಸಿದರು. “ಅಂಗಾರೆ ಆ ದೇಸ್ದಲ್ಲೂ ನೀರಿಗೇ ಜಗ್ಳ ಅನ್ನಿ. ಸರಿ, ಈಗ ಹಲ್ಗೆ ಎತ್ತಿ!”

ನಾನು ನಗು ತಡೆಯಲಾರದೆ ಎತ್ತಿದೆ.

ನನ್ನ ಯಜಮಾನರು ತೀರಿಕೊಂಡಾಗ ನಾಟಿ ಆಗತಾನೆ ಮುಗಿದಿತ್ತು. ಸೂತಕದ ಮನೆಯಲ್ಲಿ ನೀರಿನ ಸರದಿ ಯಾರಿಗೆ ನೆನಪಿರುತ್ತದೆ? ತಿಥಿ ಕಳೆದು, ಪೈರು ಸುಟ್ಟಿರುತ್ತದೆ ಎಂದುಕೊಂಡೇ ಗದ್ದೆಗೆ ಹೋದೆ. ಪಾತಿ ತುಂಬ ನೀರಿತ್ತು, ಪೈರು ಹಸುರಾಗಿತ್ತು. ಕೆಳಗದ್ದೆಯವರದು ಅರ್ಧಕ್ಕರ್ಧ ಹಳದಿ ತಿರುಗಿತ್ತು. ಬದುವಿನ ಮೇಲೆ ನಿಂತಿದ್ದ ಅವರನ್ನು, ನಿಮ್ಮ ಸರದಿಯ ನೀರನ್ನೂ ನನಗೇ ಬಿಟ್ಟಿರಾ ಎಂದು ಕೇಳಿದೆ.

“ಬುಡವ್ವ ಅತ್ಲಾಗೆ. ನಿನ್ ಪೈರು ಸತ್ರೆ ನಾನ್ ಯಾರ್ ಜೊತೆ ಜಗ್ಳ ಆಡ್ಲಿ?” ಎಂದು ಮುಖ ತಿರುಗಿಸಿಕೊಂಡು ಹೋದರು. ಮೊದಲ ಸಲ ನನ್ನನ್ನು ಅವ್ವ ಎಂದಿದ್ದರು. ಮುಂದಿನ ಸರದಿಗೆ ಮತ್ತೆ ಅದೇ ಗುದ್ದಲಿ, ಅದೇ ಬೈಗುಳ.

ಕಳೆದ ಚಳಿಗಾಲದಲ್ಲಿ ಅವರು ಹೋದರು... ಅವರ ಮಗ ಬೋರು ಕೊರೆಸಿ ತೆಂಗು ಹಾಕಿದ್ದಾನೆ, ಕಾಲುವೆ ನೀರು ಬೇಡವಂತೆ. ಈಗ ಹಲಗೆ ಎಷ್ಟು ಹೊತ್ತು ಇಟ್ಟರೂ ಕೇಳುವವರಿಲ್ಲ. ಇದನ್ನೇ ಅಲ್ಲವೇ ನಾನು ಅಷ್ಟು ವರ್ಷ ಬಯಸಿದ್ದು? ಇಷ್ಟು ಸಂಕಟವಾಗುತ್ತದೆ ಎಂದು ಗೊತ್ತಿರಲಿಲ್ಲ.

ಇವತ್ತು ನನ್ನ ಗದ್ದೆ ತುಂಬಿ ಬದು ಮೀರುವವರೆಗೂ ಹಲಗೆ ಎತ್ತದೆ ನಿಂತಿದ್ದೆ. ಕೆಳಗಿನಿಂದ ಯಾರೂ ಬೈಯಲಿಲ್ಲ.