ಬಾಲವಿಲ್ಲದ ಕೌಂಟಿ

ಅಮೆರಿಕದ ಆ ಕೌಂಟಿಗೆ ನಾನು ಹೋಗಿಲ್ಲ, ಹೋಗುವ ಆಸೆಯೂ ಇಲ್ಲ. ಆದರೆ ಅದರ ಗಡಿಯನ್ನು ಕಣ್ಣು ಮುಚ್ಚಿಕೊಂಡು ಬರೆದು ತೋರಿಸಬಲ್ಲೆ. ಮೇಲೆ ಸ್ಕೇಲಿಟ್ಟು ಎಳೆದಂಥ ಒಂದು ಗೆರೆ. ಬಲಕ್ಕೆ ನದಿ, ಕುಡಿದವನ ನಡಿಗೆಯ ಹಾಗೆ ಸೊಟ್ಟಸೊಟ್ಟ. ಎಡಕ್ಕೆ ಮತ್ತೆ ನೆಟ್ಟಗೆ. ಕೆಳಗೆ, ಎಡಮೂಲೆಯಿಂದ, ಉದ್ದನೆಯ ಒಂದು ಬಾಲ ಜೋತುಬಿದ್ದಿದೆ. ಆ ಬಾಲ ನನ್ನ ಬೋರ್ಡನ್ನು ಇಳಿಸಿಬಿಡುವುದರಲ್ಲಿತ್ತು. ಅದಕ್ಕೇ ಆ ಊರಿನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಬೋರ್ಡು ಅಂದೆನಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ತಮಿಳುನಾಡಿನ ಕಾರಮಡೈ ಪಕ್ಕದ ಬಾಳೆ ಬೆಳೆಯುವ ಕುಟುಂಬ. ಕನ್ನಡ ನಮಗೆ ಹೊಸ್ತಿಲೊಳಗಿನ ಮಾತು. ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರವನ್ನು ನಾನು ಕಲಿತದ್ದೇ ನಲವತ್ತು ದಾಟಿದ ಮೇಲೆ, ಚಾಮರಾಜನಗರದ ವ್ಯಾಪಾರಿಗಳ ಬಿಲ್ ಓದುವುದಕ್ಕೆಂದು. ಹದಿನೇಳಕ್ಕೆ ತಿರುಪ್ಪೂರಿಗೆ ಬಂದು ದೊಡ್ಡಪ್ಪನ ಮಗನ ಬನಿಯನ್ ಕಂಪನಿ ಸೇರಿದೆ. ಹನ್ನೊಂದು ವರ್ಷ ಅಲ್ಲಿ ಮಡಿಸಿದೆ, ಕತ್ತರಿಸಿದೆ, ಪ್ರಿಂಟ್ ಹೊಡೆದೆ. ನೂಲಿನ ವ್ಯಾಪಾರಿ ಬಂದು ಕೂತರೆ ಅವನ ಮುಖದ ಮುಂದೆಯೇ ನಾನೂ ಅಣ್ಣನೂ ಕನ್ನಡದಲ್ಲಿ ದರ ತೀರ್ಮಾನ ಮಾಡುತ್ತಿದ್ದೆವು. "ಇವ ಇನ್ನೂ ಇಳೀತಾನೆ, ನೀ ಎದ್ದು ಹೋಗೋ ಹಂಗೆ ಮಾಡು" ಎಂದು ಅಣ್ಣ ನಗುತ್ತ ಹೇಳುವನು. ನಾನು ಎದ್ದು ಚಪ್ಪಲಿ ಹುಡುಕುವೆನು. ವ್ಯಾಪಾರಿ ಇಳಿಯುವನು.

ಕುನ್ನತ್ತೂರು ರಸ್ತೆಯಲ್ಲಿ ನಾನು ಸ್ವಂತ ಕಂಪನಿಯ ಬೋರ್ಡು ಏರಿಸಿದ ದಿನದಿಂದ ಅಣ್ಣ ನನ್ನ ಜತೆ ಕನ್ನಡ ನಿಲ್ಲಿಸಿದ. ಜಗಳವಿಲ್ಲ, ಬೈಗುಳವಿಲ್ಲ. ತಮಿಳಿನಲ್ಲಿ ಮರ್ಯಾದೆಯಿಂದ "ನೀಂಗ" ಎನ್ನತೊಡಗಿದ. ನನಗೆ ಚಡ್ಡಿ ಹಾಕಿಸಿದವನು ನನ್ನನ್ನು ನೀವು ಎಂದರೆ ಅದಕ್ಕಿಂತ ಕೆಟ್ಟ ಬೈಗುಳ ಬೇರೆ ಯಾವುದಿದೆ? ಅವನ ತಮಿಳನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ನೀವು" ಮಾತ್ರ ಅವನದೇ.

ಕಾಲಾಂತರದಲ್ಲಿ ಅವನು ಕಂಪನಿ ಮುಚ್ಚಿ, ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಹೊರದೇಶದ ಆರ್ಡರ್ ಹಂಚುವ ಏಜೆಂಟನಾದ. ಒಂದು ದಿನ ಅಲ್ಲಿಗೆ ಕರೆಸಿದ. ಮೇಜಿನ ಮೇಲೆ ಒಂದು ಟೀ ಶರ್ಟಿನ ಚಿತ್ರ. ಎದೆಯ ಮೇಲೆ "ಇಡೀ ಕೌಂಟಿಗೆ ಒಬ್ಬನೇ" ಎಂಬ ಅರ್ಥದ ಇಂಗ್ಲಿಷ್, ಬೆನ್ನ ಮೇಲೆ ಆ ಕೌಂಟಿಯ ನಕ್ಷೆ.

"ಚುನಾವಣೆ ಶರ್ಟು. ಶೆರಿಫ್ ಹುದ್ದೆಗೆ ನಿಂತವನದು" ಎಂದ.

"ಶೆರಿಫ್ ಅಂದ್ರೆ?"

"ಪೊಲೀಸ್. ಇನ್‌ಸ್ಪೆಕ್ಟರು, ಜೈಲರು ಎಲ್ಲ ಅವನೇ."

"ಪೊಲೀಸಿಗೂ ಓಟಾ?"

"ನಿಮಗ್ಯಾಕೆ? ನೀವು ಬಟ್ಟೆ ಹೊಲೀರಿ."

ದೊಡ್ಡ ಕಂಪನಿಗಳು ಮುಟ್ಟದಷ್ಟು ಸಣ್ಣ ಆರ್ಡರ್, ಅದೂ ವಿಪರೀತ ಅವಸರದ್ದು. ಅವನ ಷರತ್ತನ್ನು ಅವನ ಆಫೀಸಿನವರೆಲ್ಲ ಕೇಳುವ ಹಾಗೆ ಹೇಳಿದ: ಮಾಲು ಪಾಸಾದರೆ ಮುಂದಿನ ಆರ್ಡರ್ ನನ್ನ ಹೆಸರಿಗೇ ನೇರವಾಗಿ. ಫೇಲಾದರೆ ಬೋರ್ಡು ಇಳಿಸಿ, ಅವನ ಹೆಸರಿನಡಿ ಕೂಲಿಗೆ ಹೊಲಿದು ಕೊಡಬೇಕು. ನಾನು ಒಪ್ಪಿದೆ. ಫೇಲಾಗಲಿ ಎಂದೇ ಅವನು ಕೊಟ್ಟದ್ದು, ಇದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು. ಮಾಲು ಯಾವ ಊರಿಗೆ ಹೋಗುತ್ತದೋ ಆ ಊರನ್ನು ತಿಳಿದುಕೊಳ್ಳದೆ ಬಾಯಿ ಬಿಡಬೇಡಿ. ಕೊಯಮತ್ತೂರಿನಲ್ಲಿ ಕಾಲೇಜು ಓದುತ್ತಿದ್ದ ಮಗಳನ್ನು ಇಂಗ್ಲಿಷ್ ಬಿಡಿಸಿ ಹೇಳಲೆಂದು ಭಾನುವಾರ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡೆ. ಆ ಕೌಂಟಿಯವರು ತಮ್ಮ ಸಭೆಗಳನ್ನೆಲ್ಲ ವಿಡಿಯೋ ಮಾಡಿ ನೆಟ್‌ನಲ್ಲಿ ಹಾಕುತ್ತಾರೆ. ಅವರ ಜಂಬಕ್ಕೆ ಅದು ಬೇಕು, ನನ್ನ ಕೆಲಸಕ್ಕೂ ಅದು ಬೇಕಾಗಿತ್ತು.

ಮೂರು ಭಾನುವಾರದಲ್ಲಿ ತಿಳಿದದ್ದು ಇಷ್ಟು. ಕೌಂಟಿ ಅಂದರೆ ನಮ್ಮ ಜಿಲ್ಲೆ ಎಂದುಕೊಳ್ಳಬೇಕು. ಜನ ನೋಡಿದರೆ ನಮ್ಮ ತಾಲ್ಲೂಕಿನಷ್ಟೂ ಇಲ್ಲ. ಉತ್ತರಕ್ಕೆ ಪೈನ್ ಗುಡ್ಡ, ಕೆರೆ, ಮನೆ ಮುಂದೆ ದೋಣಿ. ಬೇರೆ ಕಡೆ ದುಡಿದು ನಿವೃತ್ತರಾದವರು ಅಲ್ಲಿ ಬಂದು ಕೂತಿದ್ದಾರೆ. ಅವರ ಓಟು ನಮ್ಮ ಶರ್ಟಿನವನಿಗೇ, ಕೇಳುವ ಅಗತ್ಯವೇ ಇಲ್ಲ. ನಡುವೆ ಕೋರ್ಟು, ಚರ್ಚು, ಬ್ಯಾಂಕು ಇರುವ ಪೇಟೆ. ದಕ್ಷಿಣದ ಬಾಲದಲ್ಲಿ ಒಂದು ಕಾಲಕ್ಕೆ ಹತ್ತಿ ಬೆಳೆಯುತ್ತಿದ್ದರಂತೆ, ಈಗ ಕೋಳಿ ಕತ್ತರಿಸುವ ಫ್ಯಾಕ್ಟರಿ. ಹತ್ತಿ ಬಿಡಿಸಿದವರ ಮೊಮ್ಮಕ್ಕಳಾದ ಕಪ್ಪು ಜನ ಅಲ್ಲಿದ್ದಾರೆ. ಜತೆಗೆ ಸ್ಪ್ಯಾನಿಷ್ ಮಾತಾಡುವ ಹೊಸಬರು, ಅವರಲ್ಲಿ ಬಹಳ ಜನಕ್ಕೆ ಓಟೇ ಇಲ್ಲ. ಬಾಲಕ್ಕೂ ಪೇಟೆಗೂ ನಡುವಿನ ಹಳ್ಳದ ಸೇತುವೆ ಮುರಿದು, ಕೋರ್ಟಿಗೆ ಹೋಗಬೇಕಾದರೆ ಪಕ್ಕದ ಕೌಂಟಿಯನ್ನು ಸುತ್ತಬೇಕು.

ಸಭೆಯಲ್ಲಿ ಮೇಜಿನ ಹಿಂದೆ ಐದು ಜನ. ಒಬ್ಬನನ್ನು ಬಿಟ್ಟರೆ ಎಲ್ಲರೂ ಉತ್ತರದವರೇ. ಬಾಲದ ಒಬ್ಬ ಹೆಂಗಸು ಎದ್ದು ನಿಂತಳು. "ಜನ ಎಣಿಸುವಾಗ ಮಾತ್ರ ನಾವು ನಿಮ್ಮವರು. ಸೇತುವೆ ಕೇಳಿದರೆ ನಾವು ಯಾರು?" ಎಂದಳಂತೆ. ಅಧ್ಯಕ್ಷ ಗಂಟೆ ಬಾರಿಸಿದ. ಒಬ್ಬರ ಮಾತಿಗೆ ಎರಡೇ ನಿಮಿಷವಂತೆ, ಮುಗಿಯಿತಂತೆ. ಅವಳು ಚೀಲ ತೆಗೆದುಕೊಂಡು ಕೂತಳು.

"ನೋಡಿದ್ರಾ ಅಪ್ಪಾ" ಎಂದು ಮಗಳು ಕುದಿದಳು. ನೋಡುವುದಕ್ಕೇನಿದೆ? ನಮ್ಮ ಬೀದಿಯನ್ನೇ ವಾರ್ಡು ಹಂಚುವಾಗ ರೈಲು ಹಳಿಯಾಚೆಯವರ ಜತೆ ಕಟ್ಟಿದರು. ಈಚೆಯ ಕೌನ್ಸಿಲರ್ ನಮ್ಮವನಲ್ಲ, ಆಚೆಯವನು ಹಳಿ ದಾಟುವುದಿಲ್ಲ. ಚರಂಡಿ ಇನ್ನೂ ತೆರೆದೇ ಇದೆ. ಗೆರೆ ಎಳೆಯುವ ಕೈ ಎಲ್ಲ ದೇಶದಲ್ಲೂ ಒಂದೇ ಕೊಳಕು ಕೈ. ಆ ಹೆಂಗಸಿನ ಮೇಲೆ ಕರುಣೆ ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಾನು ಕೂತದ್ದು ಕರುಣೆಗಲ್ಲ. ಬಾಲದ ಬೆಲೆ ಕಡಿಮೆ ಎಂಬುದನ್ನು ಮನಸ್ಸಿನಲ್ಲಿ ಬರೆದುಕೊಂಡೆ.

ತಪ್ಪು ನಡೆದದ್ದು ನಮ್ಮಲ್ಲಿ ಎಲ್ಲರೂ ಮಾಡುವ ಮಿತವ್ಯಯದಿಂದ. ಬೆನ್ನಿನ ತುಂಡಿಗೆ ಹೊಲಿಯುವ ಮೊದಲೇ ಪ್ರಿಂಟ್ ಹೊಡೆಯುತ್ತೇವೆ. ಪ್ರತಿ ಸೈಜಿಗೂ ಬೇರೆ ಸ್ಕ್ರೀನ್, ಅಂದರೆ ಪ್ರಿಂಟಿನ ಜಾಲರಿ ಅಚ್ಚು, ಮಾಡಬೇಕು; ಸಣ್ಣ ಆರ್ಡರಿಗೆ ಯಾರೂ ಮಾಡುವುದಿಲ್ಲ. ದೊಡ್ಡ ಸೈಜಿಗೆ ಮಾಡಿದ ಒಂದೇ ಸ್ಕ್ರೀನ್‌ನಲ್ಲಿ ಎಲ್ಲವನ್ನೂ ಹೊಡೆದೆ. ಅರ್ಧ ಮಾಲು ಪೆಟ್ಟಿಗೆ ಸೇರಿದ ಮೇಲೆ ಚೆಕಿಂಗ್ ಮೇಜಿನ ಅಕ್ಕ ಕರೆದಳು. ನೇಯ್ಗೆ ಕುಟುಂಬದವಳು, ಮನೆಯಲ್ಲಿ ಅವಳದೂ ಕನ್ನಡವೇ.

"ಅಣ್ಣಾ, ಸ್ಮಾಲ್ ಸೈಜಲ್ಲಿ ಬಾಲ ಇಲ್ಲೆ."

"ಎಲ್ಲೋಯ್ತು?"

"ಎಲ್ಲಿಗೆ ಹೋಗತ್ತೆ? ಕೆಳಗಡೆ ಮಡಿಕೆ ಒಳಗೆ. ನಾವೇ ಮಡಿಚಿ ನಾವೇ ಹೊಲಿದಿದ್ದೀವಿ. ಅಲ್ಲಿ ಜನ ಇದ್ದಾರಾ ಅಣ್ಣಾ?"

"ಇದ್ದಾರೆ."

"ಪಾವ ಅವರು, ಉಸಿರು ಕಟ್ಟತ್ತೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹೊಲಿಗೆ ಬಿಚ್ಚಿ, ಮಡಿಕೆ ಸಣ್ಣದು ಮಾಡಿ ಮತ್ತೆ ಹೊಲಿಯಬಹುದಿತ್ತು. ಅದಕ್ಕೆ ನಾಲ್ಕು ದಿನ ಬೇಕು. ವಿಮಾನ ನಾಡಿದ್ದು.

ಮಾರನೆಯ ದಿನ ತಪಾಸಣೆಗೆ ಅಣ್ಣ ತಾನೇ ಬಂದ. ಬೇರೆ ಮಾಲಿಗೆಲ್ಲ ಆಳು ಕಳಿಸುವವನು! ದೊಡ್ಡ ಸೈಜನ್ನು ಮುಟ್ಟಲೂ ಇಲ್ಲ, ನೇರವಾಗಿ ಸ್ಮಾಲ್ ಎತ್ತಿ ಬೆಳಕಿಗೆ ಹಿಡಿದ.

"ವಾಲ್ ಎಂಗೆ?" ಎಂದ. ಬಾಲ ಎಲ್ಲಿ ಎಂದು.

ನಾನು ಶರ್ಟಿನ ಕೆಳಗಿನ ಮಡಿಕೆ ಮುಟ್ಟಿ ತೋರಿಸಿದೆ.

"ಎದೆ ಮೇಲೆ ಇಡೀ ಕೌಂಟಿ ಅಂತ ಬರೆದಿದೆ. ಬೆನ್ನ ಮೇಲೆ ಮುಕ್ಕಾಲು ಕೌಂಟಿ. ನೀವೇ ಹೇಳಿ, ಇದನ್ನ ಏನಂತ ಪಾಸ್ ಮಾಡಲಿ?" ಶರ್ಟನ್ನು ಮೇಜಿನ ಮೇಲೆ ಎಸೆದು ಬಾಗಿಲಾಚೆ ನೋಡಿದ. "ಬೋರ್ಡು ಇಳಿಸೋಕೆ ಏಣಿ ಇದೆಯಾ, ನಾನು ಕಳಿಸಲಾ?"

ನನ್ನ ಕೆಲಸದವರೆಲ್ಲ ಮೆಷಿನ್ ನಿಲ್ಲಿಸಿದ್ದರು. ಹನ್ನೊಂದು ವರ್ಷ ಅವನ ಪಕ್ಕ ಕೂತು ಕಲಿತದ್ದು ಆಗ ನೆನಪಾಯಿತು: ಅವಸರ ಯಾರದು ಎಂದು ಮೊದಲು ನೋಡಬೇಕು. ಚುನಾವಣೆ ಅವರದು. ವಿಮಾನ ತಪ್ಪಿದರೆ ಅವರಿಗೆ ಶರ್ಟೇ ಇಲ್ಲ.

"ಪಾಸು ಫೇಲು ನೀವು ಹೇಳೋದಲ್ಲ, ಗಿರಾಕಿ ಹೇಳಲಿ. ಫೋನ್ ಹಾಕಿ" ಎಂದೆ. ನಾನೂ "ನೀವು" ಅಂದೆ, ಬೇಕೆಂದೇ. ಅವನಿಗೂ ಗಿರಾಕಿಯ ಬಾಯಿಂದಲೇ ನನ್ನನ್ನು ಬೈಸುವ ಆಸೆ. ಹಾಕಿದ.

ನಮಗೆ ಸಂಜೆ, ಅವರಿಗೆ ಬೆಳಗ್ಗೆ. ಪರದೆಯ ಮೇಲೆ ಪ್ರಚಾರ ನೋಡಿಕೊಳ್ಳುವ ಹೆಂಗಸು, ಕೈಯಲ್ಲಿ ಕಾಫಿ, ಹಿಂದೆ ಗೋಡೆಯಲ್ಲಿ ಅದೇ ನಕ್ಷೆ. ಗುಂಡುಪಿನ್ನುಗಳೆಲ್ಲ ಉತ್ತರದಲ್ಲಿ; ಬಾಲದಲ್ಲಿ ಒಂದೋ ಎರಡೋ. ಅದನ್ನು ನೋಡಿದ ಕ್ಷಣವೇ ನನಗೆ ದಾರಿ ಕಂಡಿತು. ತಪಾಸಣೆಯಲ್ಲಿ ಇಂಗ್ಲಿಷ್ ಬೇಕಾದೀತೆಂದು ಮಗಳನ್ನು ಕಾಲೇಜಿಗೆ ರಜೆ ಹಾಕಿಸಿ ಕರೆತಂದಿದ್ದೆ.

"ಹಿಂಗೆ ಹೇಳು. ಸ್ಮಾಲ್ ಸೈಜ್ ಪೂರಾ ಉತ್ತರಕ್ಕೆ ಕಳಿಸಲಿ. ಅಲ್ಲಿನೋರು ಬಾಲ ಇದೆಯಾ ಇಲ್ವಾ ಅಂತ ನೋಡಲ್ಲ. ದೊಡ್ಡ ಸೈಜ್ ದಕ್ಷಿಣಕ್ಕೆ. ಅಲ್ಲಿ ಅರ್ಧ ಜನಕ್ಕೆ ಓಟೇ ಇಲ್ಲ, ಸ್ಮಾಲ್ ಸಿಗದಿದ್ರೂ ಗಲಾಟೆ ಆಗಲ್ಲ."

ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ಇದ ನಾ ಹೇಳಲ್ಲೆ."

"ಹೇಳು."

"ಆವತ್ತು ಸೇತುವೆ ಕೇಳಿದ ಆ ಅಮ್ಮನ್ನ ನೋಡಿದ್ರಲ್ಲ ನೀವು."

"ಮೊದಲು ಹೇಳು. ಬೋರ್ಡು ಉಳಿಲಿ, ಆಮೇಲೆ ಬೈ."

ಹೇಳಿದಳು, ನೆಲ ನೋಡಿಕೊಂಡು. ಪರದೆಯ ಹೆಂಗಸು ಕಾಫಿ ಕೆಳಗಿಟ್ಟಳು. ಹಿಂತಿರುಗಿ ನಕ್ಷೆ ನೋಡಿದಳು. ಬಯ್ಯುತ್ತಾಳೆ ಎಂದು ಅಣ್ಣ ಮುಂದಕ್ಕೆ ಬಾಗಿದ. ಅವಳು ಕೇಳಿದ್ದು ಒಂದೇ ಮಾತು: ಸ್ಮಾಲ್ ಪೆಟ್ಟಿಗೆಗಳ ಮೇಲೆ ಬೇರೆ ಗುರುತು ಹಾಕಲು ಆಗುತ್ತದೆಯೇ? ಆಗುತ್ತದೆ ಎಂದೆ. ಅದಕ್ಕೆ ಇಂಗ್ಲಿಷ್ ಬೇಕಾಗಲಿಲ್ಲ.

ಅಣ್ಣ ಪಾಸಿನ ಕಾಗದಕ್ಕೆ ಸಹಿ ಒತ್ತಿದ ರಭಸಕ್ಕೆ ಕಾಗದವೇ ಹರಿಯಿತು. "ನೀವು ಗೆದ್ದಿರಿ" ಎಂದ, ಆಗಲೂ ಮರ್ಯಾದೆಯಿಂದಲೇ. ಸ್ಮಾಲ್ ಪೆಟ್ಟಿಗೆಗಳ ಮೇಲೆ ಕೆಂಪು ಪಟ್ಟಿ ಹಾಕಿಸಿ ಕಳಿಸಿದೆ.

ಅಲ್ಲಿನ ದಡ್ಡರು ಪೆಟ್ಟಿಗೆಗಳನ್ನು ಕಲಸಿ ಸ್ಮಾಲನ್ನು ಬಾಲಕ್ಕೂ ಕಳಿಸಿದರು. ಇದನ್ನು ಬರೆದುಕೊಳ್ಳಿ: ನಿಮ್ಮ ಉಪಾಯ ಎಷ್ಟೇ ಚೆನ್ನಾಗಿರಲಿ, ಪೆಟ್ಟಿಗೆ ಬಿಚ್ಚುವವನು ಬೇರೆ ಇರುತ್ತಾನೆ. ಕೆಲವು ವಾರ ಕಳೆದು ಅಣ್ಣನಿಂದ ಫೋನಿಗೆ ಒಂದು ಫೋಟೋ ಬಂತು. ಅದೇ ಸಭೆಯ ಹಾಲು. ಬೆನ್ನು ತೋರಿಸಿ ನಿಂತ ಒಬ್ಬಳು, ಮೈಮೇಲೆ ನನ್ನ ಸ್ಮಾಲ್ ಶರ್ಟು. ಕೆಳಗಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದ್ದಾಳೆ. ಮಡಿಕೆ ಇಳಿದು, ನೂಲು ನೇತಾಡುತ್ತ, ಸುಕ್ಕುಸುಕ್ಕಾಗಿ ಬಾಲ ಹೊರಗೆ ಬಂದಿದೆ. ಎದುರಾಳಿಯ ಕಡೆಯವರು ಅದನ್ನು ಕೌಂಟಿಯೆಲ್ಲ ಹಂಚಿದ್ದರಂತೆ. ಶರ್ಟಿನವನು ಸೋತ. ಬಾಲದಿಂದಲೇ ಸೋತ ಎಂದು ಮಗಳ ವಾದ. ಒಂದು ಮಡಿಕೆ ಬಿಚ್ಚಿದರೆ ಚುನಾವಣೆ ತಿರುಗುವುದಿಲ್ಲ ಎಂದು ನನ್ನದು.

ಫೋಟೋದ ಕೆಳಗೆ ಅಣ್ಣ ಬರೆದಿದ್ದ. ಅಕ್ಷರ ತಮಿಳು, ಮಾತು ಕನ್ನಡ. ಅವನಿಗೆ ಕನ್ನಡ ಬರೆಯಲು ಬರುವುದಿಲ್ಲ. "ನಿನ್ನ ಬಾಲ ನೋಡೋ." ಅಷ್ಟು ವರ್ಷಗಳ ಮೇಲೆ ಮೊದಲ ಸಲ ನೀನು ಎಂದಿದ್ದ. ನಾನು ಉತ್ತರ ಕೊಡಲಿಲ್ಲ. ಮೊದಲು ಬಾಯಿ ತೆರೆದವನಿಗೆ ಏನೋ ಬೇಕಾಗಿರುತ್ತದೆ, ಅದನ್ನು ಕಲಿಸಿದವನೂ ಅವನೇ.

ನೇರ ಆರ್ಡರ್ ಬಂತು, ಆ ಕೌಂಟಿಯಿಂದಲ್ಲ, ಬೇರೆ ಕಡೆಯಿಂದ. ಈಗ ನಕ್ಷೆ ಇರುವ ಬಟ್ಟೆಗೆ ಪ್ರತಿ ಸೈಜಿಗೂ ಬೇರೆ ಸ್ಕ್ರೀನ್ ಮಾಡಿಸುತ್ತೇನೆ, ನೀವೂ ಮಾಡಿಸಿ. ಮಗಳು ಮಾತ್ರ ಆಮೇಲೆ ನನ್ನ ಫೋನಿಗೆ ಕೂರಲಿಲ್ಲ. "ನಿಮ್ಮ ಪೇರಂ ನೀವೇ ಮಾತಾಡಿ" ಎಂದಳು, ಚೌಕಾಸಿಗೆ ನಮ್ಮ ಕಡೆಯ ಮಾತದು. ನನ್ನ ಬನಿಯನ್ ಇಂಗ್ಲಿಷಿನಲ್ಲೇ ಮಾತಾಡುತ್ತೇನೆ. ನಡೆಯುತ್ತದೆ.

ಅಣ್ಣನ ಕಾರು ಕುನ್ನತ್ತೂರು ರಸ್ತೆಯಲ್ಲಿ ಹೋಗುವಾಗ ನಮ್ಮ ಮುಂದೆ ಗಾಜು ಏರುತ್ತದಂತೆ, ಚೆಕಿಂಗ್ ಅಕ್ಕ ನೋಡಿ ಬಂದು ಹೇಳುತ್ತಾಳೆ. ಹೋದ ತಿಂಗಳು ಬೋರ್ಡಿಗೆ ಹೊಸ ಬಣ್ಣ ಹೊಡೆಸಿದೆ. ಗಾಜು ಏರಿಸಿದರೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.