ಪ್ರಾಕ್ಟಿಕಲ್ ನಡೆಸಿದ ಇತಿಹಾಸದ ಸರ್

ದಂಡೋತಿಯ ಗುರುಲಿಂಗಯ್ಯನವರು ಇಪ್ಪತ್ತಾರು ವರ್ಷ ಇತಿಹಾಸ ಕಲಿಸಿದವರು. ೧೯೯೮ರಲ್ಲಿ ಚಿತ್ತಾಪುರದ ಒಂದು ಡಿಗ್ರಿ ಕಾಲೇಜಿನ ಪ್ರಿನ್ಸಿಪಾಲ್ ಕುರ್ಚಿ, ಬೇರೆ ಯಾರೂ ಒಪ್ಪದ ಕಾರಣ, ಅವರ ಪಾಲಿಗೆ ಬಂತು. ಜೊತೆಗೊಂದು ಪತ್ರವೂ ಬಂತು: ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುತ್ತದೆ, ಪ್ರಾಕ್ಟಿಕಲ್ ನಡೆಯದಿದ್ದರೆ ಬಿಎಸ್ಸಿ ಮುಚ್ಚುತ್ತದೆ. ಮುಚ್ಚಿದರೆ ಅಲ್ಲಿದ್ದ ಮೂವತ್ತೊಂದು ಮಕ್ಕಳಲ್ಲಿ ಹುಡುಗಿಯರ ಓದು, ಮನೆಯವರು ದೂರದ ಊರಿಗೆ ಕಳಿಸದ ಕಾರಣ, ಅಲ್ಲಿಗೇ ನಿಲ್ಲುತ್ತಿತ್ತು.

ಪ್ರಾಕ್ಟಿಕಲ್ ಮಧ್ಯಾಹ್ನ, ಅಧ್ಯಾಪಕರೆಲ್ಲ ಗುಲಬರ್ಗಾದಿಂದ ರೈಲಿನಲ್ಲಿ ಬಂದುಹೋಗುವವರು. ಒಂದೂವರೆಯ ಪ್ಯಾಸೆಂಜರ್‌ಗೆ ಒಂದಕ್ಕೇ ಏಳುತ್ತಿದ್ದರು, ಲ್ಯಾಬ್ ತೆರೆಯುತ್ತಲೇ ಇರಲಿಲ್ಲ. ಬಾರದ ದಿನಕ್ಕೂ ಉಪಾಯವಿತ್ತು. ತಾರೀಖಿಲ್ಲದ ರಜೆ ಅರ್ಜಿಯೊಂದನ್ನು ಬರೆದು ಜವಾನ ಮಡಿವಾಳಯ್ಯನ ಬಳಿ ಇಟ್ಟಿರುತ್ತಿದ್ದರು. ತಪಾಸಣೆ ಬಂದರಷ್ಟೇ ಅವನು ತಾರೀಖು ತುಂಬಬೇಕು.

ಗುರುಲಿಂಗಯ್ಯ ಮೀಟಿಂಗ್ ಕರೆದು ಆ ಅರ್ಜಿಗಳನ್ನು ಅವರವರ ಕೈಗೇ ಕೊಟ್ಟರು.

"ಇಟ್ಕೋರಿ. ನಾ ಯಾರ ಮ್ಯಾಲೂ ಕಂಪ್ಲೇಂಟ್ ಬರ್ಯಾಂಗಿಲ್ಲ. ಪ್ರಾಕ್ಟಿಕಲ್ ಮುಂಜಾನಿ ಇಡ್ತೀನಿ, ನಿಮ್ಮ ಗಾಡಿ ತಪ್ಪಂಗಿಲ್ಲ. ಒಂಬತ್ತಕ್ಕ ಬರ್ರಿ, ಸಾಕು."

"ನೀವು ಸೈಕಲ್ ಮ್ಯಾಲ ಬರೋರು ಸರ್," ರಸಾಯನಶಾಸ್ತ್ರದ ಪವಮಾನ ಅಂದರು. "ನಮ್ಮ ಗಾಡಿ ವಾಡಿ ಸ್ಟೇಷನ್ನಿನೊಳಗ ನಿಂತ್ರ ಇಳಿದು ತಳ್ಳಬೇಕೇನ್ರಿ?"

ಎಲ್ಲರೂ ನಕ್ಕರು. ಸೋಮವಾರ ಒಂಬತ್ತಕ್ಕೆ ಒಬ್ಬರೂ ಬರಲಿಲ್ಲ.

ಹತ್ತೂವರೆಗೆ ಪವಮಾನ ಬಂದಾಗ ಲ್ಯಾಬ್ ತೆರೆದಿತ್ತು. ಪ್ರಿನ್ಸಿಪಾಲರು ಅಂಗಿಯ ತೋಳು ಮಡಚಿ ಸ್ಟ್ಯಾಂಡಿಗೆ ಗಾಜಿನ ನಳಿಕೆ ಬಿಗಿಯುತ್ತಿದ್ದರು.

"ಸರ್, ಏನ್ ಮಾಡ್ಲಿಕತ್ತೀರಿ? ಬ್ಯೂರೆಟ್ ಉಲ್ಟಾ ಕಟ್ಟೀರಿ."

"ಇರಬೇಕು. ನಾ ಅಶೋಕನ ಶಾಸನ ಹೇಳಾಂವ. ಈ ಹುಡುಗ್ರು ಒಂಬತ್ತರಿಂದ ನಿಂತಾರ, ಸುಮ್ಮ ಮನಿಗಿ ಕಳಸ್ಲೇನು?"

ಹುಡುಗಿಯರು ಕಿಸಕ್ಕೆಂದರು. ಪವಮಾನ ಚೀಲ ಇಳಿಸಿದರು. ಅಂದು ಅವರಿಗೆ ಗಾಡಿ ತಪ್ಪಿತು. ಮರುದಿನದಿಂದ ಮುಂಚಿನ ಗಾಡಿ ಹಿಡಿದರು.

"ಪವಮಾನಾಚಾರ್ರಿಗೆ ಅಯ್ನೋರ ದೀಕ್ಷಾ ಆಗ್ಯದ," ಎಂದು ಉಳಿದವರು ಚುಚ್ಚಿದರು. ಯಾರೂ ಹಿಂಬಾಲಿಸಲಿಲ್ಲ. ಗುರುಲಿಂಗಯ್ಯ ನಾಲ್ಕು ತಿಂಗಳು ಅವರನ್ನು ದಿನವೂ ಕೇಳಿದರು, ದಿನವೂ "ನೋಡೋಣ್ರಿ" ಕೇಳಿಸಿಕೊಂಡರು, ಆಮೇಲೆ ಹೋಗಿ ನಳಿಕೆ ತೊಳೆದರು.

ಸಮಿತಿಯವರು ರಸಾಯನಶಾಸ್ತ್ರದ ರೆಕಾರ್ಡು ನೋಡಿ ತಲೆಯಾಡಿಸಿದರು. ಭೌತಶಾಸ್ತ್ರದ್ದು ಕೇಳಿದಾಗ ಗುರುಲಿಂಗಯ್ಯ, "ನಡದಿಲ್ರಿ," ಅಂದುಬಿಟ್ಟರು. ಬಿಎಸ್ಸಿಗೆ ಒಂದೇ ವರ್ಷದ ಅವಕಾಶ ಸಿಕ್ಕಿತು.

ಸಮಿತಿ ಹೋದ ಮೇಲೆ ಗುರುಲಿಂಗಯ್ಯ ಮೆಟ್ಟಿಲ ಮೇಲೆ ಕುಳಿತರು. ಪವಮಾನ ಪಕ್ಕದಲ್ಲಿ ನಿಂತರು.

"ಫಿಸಿಕ್ಸಿಗೆ ಏನ್ ಮಾಡ್ತೀರಿ ಸರ್?"

"ನಾಳೆ ಐತವಾರ, ಎಲ್ಲಾರೂ ಮನ್ಯಾಗೇ ಇರ್ತಾರ. ಗುಲಬರ್ಗಾಕ್ಕ ಹೋಗಿ ಅವರ ಮನಿ ಬಾಗಿಲಾ ಬಡೀತೀನಿ."

"ಬರ್ತಾರೇನ್ರಿ?"

"ಬರಂಗಿಲ್ಲ," ಗುರುಲಿಂಗಯ್ಯ ಮೊಣಕಾಲು ತಿಕ್ಕಿಕೊಂಡರು. "ಚಾ ಆದ್ರೂ ಕುಡಿಸ್ತಾರ."