ಜಯಕ್ಕ ದೆಹಲಿಯಲ್ಲಿ ಮಾತಾಡಿದ ದಿನ

ಇವತ್ತು ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಜೇಬಿಗೆ ಕೈ ಹಾಕಿದರೆ ಗಂಟಲು ಕಟ್ಟದಿರಲೆಂದು ಪ್ರಚಾರದಲ್ಲಿ ಅಗಿಯುತ್ತಿದ್ದ ಅತಿಮಧುರದ ಬೇರಿನ ಒಂದು ಚೂರು ಸಿಕ್ಕಿತು. ಚುನಾವಣೆ ಮುಗಿದು ತಿಂಗಳುಗಳಾಗಿದ್ದರೂ ಒಗೆತಕ್ಕೆ ಜಗ್ಗದೆ ಅಲ್ಲೇ ಉಳಿದಿತ್ತು. ಮೂಸಿದ್ದೇ ತಡ, ಗಂಟಲು ತಾನಾಗಿಯೇ ಕೂಗಲು ಸಿದ್ಧವಾಯಿತು. ನಗಬೇಡಿ. ಬೂದಿಗೆರೆಯ ಪಕ್ಕದ ನಮ್ಮೂರಿನಲ್ಲಿ ನಾನು ವರ್ಷವಿಡೀ ದಿನಸಿ ಅಂಗಡಿಯವನು. ಚುನಾವಣೆ ಬಂತೆಂದರೆ ಮಾತ್ರ ಆಟೋದಲ್ಲಿ ಮೈಕು ಹಿಡಿದು ಊರೂರು ಸುತ್ತುವವನು. ನನ್ನ ಕಂಠದ ಮೇಲೆ ನನಗಿರುವ ಗೌರವ ನನ್ನ ಹೆಂಡತಿಗೆ ಇಲ್ಲ. "ನೀವು ಕೂಗಿದ್ರೆ ಹಾಲು ಕೊಡೋ ಹಸು ಒದೀತದೆ" ಅನ್ನುತ್ತಾಳೆ. ಒದೆಯಲಿ ಬಿಡಿ! ಈ ಕಂಠ ಕೂಗಿದ್ದು ಜಯಕ್ಕನ ಹೆಸರನ್ನು. ಪಂಚಾಯಿತಿಯಿಂದ ವಿಧಾನಸೌಧಕ್ಕೆ, ಅಲ್ಲಿಂದ ಲೋಕಸಭೆಗೆ ಹೋದ ನಮ್ಮ ಜಯಕ್ಕನ ಹೆಸರನ್ನು. ಇವತ್ತು ಆಕೆ ದೆಹಲಿಯಲ್ಲಿ ಮೊದಲ ಸಲ ಎದ್ದು ಮಾತಾಡುವ ದಿನ.

ದೂರದ ಸಂಬಂಧದಲ್ಲಿ ಆಕೆ ನನಗೆ ಅಕ್ಕ. ಆಕೆಯ ಗಂಡ ನಾರಾಯಣಪ್ಪ ನನಗೆ ಭಾವ. ನಿಜ ಹೇಳಬೇಕೆಂದರೆ ರಾಜಕೀಯದ ಹುಚ್ಚು ಇದ್ದದ್ದು ಭಾವನಿಗೆ. ಪಂಚಾಯಿತಿಗೆ ನಿಲ್ಲಬೇಕೆಂದು ಅವರು ಊರಿಗೆಲ್ಲ ಟೀ ಕುಡಿಸಿಕೊಂಡು ಕಾಯುತ್ತಿದ್ದಾಗ ಸೀಟು ಮಹಿಳೆಗೆ ಮೀಸಲಾಗಿಬಿಟ್ಟಿತು. ಕುಡಿಸಿದ ಟೀ ದಂಡವಾಗಬಾರದಲ್ಲ, ಹೆಂಡತಿಯನ್ನು ನಿಲ್ಲಿಸಿದರು. ಅಕ್ಕ ಗೆದ್ದಳು, ಅಧ್ಯಕ್ಷೆಯೂ ಆದಳು. ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದು ಭಾವ! ಅಕ್ಕ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು, ಅವರು ಬೆರಳಿಟ್ಟ ಕಡೆ ಸಹಿ ಹಾಕುತ್ತಿದ್ದಳು. ಅದರಲ್ಲಿ ತಪ್ಪಿದೆ ಅಂತ ನನಗಾಗಲಿ ಊರಿಗಾಗಲಿ ಅನ್ನಿಸಲೇ ಇಲ್ಲ. ನಮ್ಮ ಕಡೆ ಅದೇ ರೂಢಿ. "ಅಧ್ಯಕ್ಷರ ಯಜಮಾನರು" ಎಂಬುದೇ ಒಂದು ಪದವಿ.

ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟು ನಲ್ಲಿಗಳೆಲ್ಲ ನಿಂತುಹೋದವು. ಗ್ರಾಮಸಭೆಗೆ ಹೆಂಗಸರು ಖಾಲಿ ಬಿಂದಿಗೆ ಹೊತ್ತುಕೊಂಡೇ ಬಂದರು. ಭಾವ ಕೈ ಬೀಸಿ ಮೋಟಾರಿನ ಚರಿತ್ರೆ ಶುರುಮಾಡಿದರು. ಅಕ್ಕ ಬೆಂಚಿನಿಂದ ಎದ್ದು ಅವರ ಹತ್ತಿರ ಹೋಗಿ ಮೆಲ್ಲಗೆ, "ರೀ, ಒಸಿ ಎದ್ದೇಳಿ" ಅಂದಳು.

ಭಾವ ದಡಬಡಿಸಿ ಎದ್ದು ಪಂಚೆ ಕೊಡವಿಕೊಂಡರು. ಬಗ್ಗಿ ಕುರ್ಚಿಯ ಕೆಳಗೂ ನೋಡಿದರು. "ಏನಮ್ಮಿ, ಚೇಳಾ?"

"ಚೇಳೂ ಇಲ್ಲ ಏನೂ ಇಲ್ಲ. ನಾನು ಕೂತ್ಕೋಬೇಕಾಗಿತ್ತು."

ಕೂತಳು! ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಬಿಂದಿಗೆಯನ್ನು ಬಡಿದಳು ನೋಡಿ, ಒಬ್ಬೊಬ್ಬರಾಗಿ ಎಲ್ಲರೂ ಬಡಿದರು. ನನ್ನ ಮೈಕನ್ನೂ ಮೀರಿಸಿದ ಸದ್ದು ನಮ್ಮೂರಲ್ಲಿ ಅದೊಂದೇ. ಭಾವ ಮನೆಗೆ ಹೋದರು. ಅವತ್ತು ಊಟ ಬಿಟ್ಟರಂತೆ. ಅಕ್ಕ ಮಾರನೆಯ ದಿನದಿಂದ ತಾಲ್ಲೂಕು ಕಚೇರಿಯಲ್ಲಿ ಕೂತು ಎದ್ದು ಹೊಸ ಮೋಟಾರು ತಂದಳು.

ವಿಧಾನಸಭೆಗೆ ನಿಂತ ಮೊದಲ ಸಲದ ಕಥೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಎಣಿಕೆಯ ಮೊದಲ ಸುತ್ತುಗಳಲ್ಲಿ ತೆರೆದದ್ದು ನಮ್ಮ ಹೋಬಳಿಯ ಮತಯಂತ್ರಗಳನ್ನೇ. ಅಕ್ಕ ಎಷ್ಟೋ ಮುಂದೆ! ಊರು ತಡೆದುಕೊಳ್ಳುತ್ತದೆಯೇ? ಕ್ರೇನ್ ಬಂತು, ಅದಕ್ಕೆ ತೂಗುಹಾಕಿದ ಆಳೆತ್ತರದ ಸೇಬಿನ ಹಾರ ಬಂತು. ಭಾವ ಮುಂದೆ ನಿಂತು ಅದನ್ನು ಅಕ್ಕನ ಕೊರಳ ಮೇಲೆ ಇಳಿಸಿದರು. ಪಟಾಕಿ ಹೊಡೆದೆವು, ಹಾರಕ್ಕೆ ಮುಗಿಬಿದ್ದು ಸೇಬು ಕಿತ್ತೆವು. ಮಧ್ಯಾಹ್ನದ ಹೊತ್ತಿಗೆ ಉಳಿದ ಹೋಬಳಿಗಳ ಲೆಕ್ಕವೂ ಬಂದು ಅಕ್ಕ ಸೋತಿದ್ದಳು. ನಮ್ಮೆಲ್ಲರ ಬಾಯಲ್ಲಿ ಇನ್ನೂ ಸೇಬು.

ಭಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಲ್ಲಿಯವರೆಗೆ ವೇದಿಕೆಗಳಲ್ಲಿ ಅಕ್ಕನ ಬೆನ್ನಿಗೆ ನಿಂತು ಮಾತು ಹೇಳಿಕೊಡುತ್ತಿದ್ದವರು ಅವರೇ. ಅವತ್ತು ಹೇಳಿಕೊಡುವವರಿಲ್ಲ. ಅಕ್ಕ ನನ್ನ ಕೈಯಿಂದ ಮೈಕು ಕಿತ್ತುಕೊಂಡಳು.

"ಸೇಬು ಸಿಹಿಯಾಗಿತ್ತೇನ್ರಪ್ಪಾ? ತಿಂದಿದ್ದು ತಿಂದ್ರಿ, ಬಿಡಿ. ನಾನು ಸೋತಿದೀನಿ, ಸತ್ತಿಲ್ಲ. ನಾಳೆ ಬೆಳಿಗ್ಗೆ ಮನೆ ಬಾಗ್ಲು ತೆಗ್ದಿರ್ತೀನಿ, ಏನ್ ಕೆಲಸ ಇದ್ರೂ ಬನ್ನಿ."

ಅಳುತ್ತಿದ್ದವರೆಲ್ಲ ನಕ್ಕರು. ಗೆದ್ದವರ ಮೆರವಣಿಗೆಯಲ್ಲೂ ನಾನು ಅಂಥ ಶಿಳ್ಳೆ ಕೇಳಿಲ್ಲ. ಮುಂದಿನ ಸಲ ಆಕೆ ಗೆದ್ದೇ ಗೆಲ್ಲುತ್ತಾಳೆಂದು ನನಗೆ ಅಲ್ಲೇ ಗೊತ್ತಾಯಿತು. ಗೆದ್ದಳು ಕೂಡ. ಪ್ರಮಾಣಪತ್ರ ಕೈಗೆ ಬರುವವರೆಗೆ ಯಾರೂ ಹಾರದ ಸುದ್ದಿ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿಯೇ ಗೆದ್ದಳು. ಈ ಸಲ ಲೋಕಸಭೆ.

ಹಾಗಾಗಿ ಇವತ್ತು ಅಂಗಡಿ ಬಾಗಿಲೆಳೆದು ಭಾವನ ಮನೆಗೆ ಓಡಿದೆ. ಟಿವಿಯ ಮುಂದೆ ಅರ್ಧ ಊರು ಕೂತಿತ್ತು. ಭಾವ ಮಾತ್ರ ಶತಪಥ ಹಾಕುತ್ತಿದ್ದರು.

"ನಾನೂ ಡೆಲ್ಲಿಗೆ ಬರ್ತೀನಿ ಅಂದೆ ಕಣೋ. ಬೇಡ, ಮನೇಲೇ ಕೂತು ನೋಡಿ ಅಂದ್ಲು. ನೀರಿನ ವಿಷ್ಯ ಹೇಳ್ಕೊಟ್ಟಿದೀನಿ. ಅದರ ಜೊತೆ ನಂದೂ ಒಂದು ಮಾತಿದೆ ಅಂತಾಳೆ. ಏನೂಂತ ಬಾಯಿ ಬಿಡ್ತಿಲ್ಲ. ಅಷ್ಟು ಜನರ ಮುಂದೆ ತಡವರಿಸಿದ್ರೆ? ಪಂಚಾಯಿತಿ ಮೀಸಲು ಸೀಟಿಂದ ಬಂದೋಳು ಇನ್ನೇನ್ ಮಾತಾಡ್ತಾಳೆ ಅಂತ ಆಡ್ಕೊಳ್ಳಲ್ವಾ?"

ಅಷ್ಟರಲ್ಲಿ ಅಕ್ಕ ಟಿವಿಯಲ್ಲಿ ಎದ್ದು ನಿಂತಳು. ಅದೇ ಹತ್ತಿ ಸೀರೆ, ಅದೇ ತುರುಬು! ಕನ್ನಡದಲ್ಲೇ ಶುರುಮಾಡಿದಳು. ಭಾವ ಟಿವಿಗೆ ಮುಖ ಕೊಟ್ಟು, "ನೀರು, ನೀರು" ಎಂದು ಪಿಸುಗುಟ್ಟುತ್ತಿದ್ದರು. ನೀರಿನ ಮಾತು ಒಂದಕ್ಷರ ತಪ್ಪದೆ ಬಂತು. ಭಾವ ಉಸಿರುಬಿಟ್ಟರು. ಆದರೆ ಅಕ್ಕ ಕೂರಲಿಲ್ಲ.

"ಇನ್ನೊಂದು ಮಾತು, ಮಾನ್ಯ ಸಭಾಧ್ಯಕ್ಷರೇ. ನಾನು ಪಂಚಾಯಿತಿ ಅಧ್ಯಕ್ಷೆ ಆದಾಗ ನನ್ನ ಕುರ್ಚಿಯಲ್ಲಿ ನಮ್ಮ ಯಜಮಾನರು ಕೂತಿದ್ದರು. ನಾನು ಬೆಂಚಿನ ಮೇಲಿದ್ದೆ. ಅವರು ಕೆಟ್ಟವರಲ್ಲ, ನಮ್ಮ ಕಡೆ ರೂಢಿ ಹಾಗೆ. ಎಷ್ಟೋ ಊರುಗಳಲ್ಲಿ ಗೆದ್ದ ಹೆಂಗಸರು ಇವತ್ತಿಗೂ ಬೆಂಚಿನ ಮೇಲೇ ಇದ್ದಾರೆ. ಅವರ ಕುರ್ಚಿ ಅವರಿಗೆ ಬಿಡಿಸಿಕೊಡಿ."

ಸದಸ್ಯರು ಮೇಜು ಕುಟ್ಟುವ ಸದ್ದು ಟಿವಿಯಿಂದ ಬರುತ್ತಿತ್ತು. ದೇಶದ ಮುಂದೆ ಮಾತಿಗೆ ಸಿಕ್ಕ ಭಾವನ ಮುಖ ನೋಡುವ ಧೈರ್ಯ ನನಗೂ ಇರಲಿಲ್ಲ. ಆದರೂ ಸಂತೋಷ ತಡೆಯಲಾಗಲಿಲ್ಲ. ಇಷ್ಟು ವರ್ಷ ಆಕೆಯ ದನಿ ನಾನೇ ಎಂದುಕೊಂಡಿದ್ದೆನಲ್ಲ, ಪೆದ್ದ!

ಆಗ ಭಾವನ ಫೋನು ಬಡಿದುಕೊಂಡಿತು. ನಮ್ಮ ಪಂಚಾಯಿತಿಯ ಈಗಿನ ಅಧ್ಯಕ್ಷೆಯ ಗಂಡ, ಭಾವನ ಸೋದರಳಿಯ ಮಂಜುನಾಥ. ಭಾವ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು, ಹಾಗಾಗಿ ಎಲ್ಲರಿಗೂ ಕೇಳಿಸಿತು.

"ಏನ್ ಮಾವ ಇದು! ಅತ್ತೆ ಹಿಂಗಾ ಅನ್ನೋದು? ಇಲ್ಲಿ ಆಫೀಸಲ್ಲಿ ಎಲ್ರೂ ನನ್ ಮುಖಾನೇ ನೋಡ್ತಾವ್ರೆ."

ಭಾವ ಟಿವಿಯಿಂದ ಕಣ್ಣು ಕೀಳದೆ ಕೇಳಿದರು, "ಈಗ ಎಲ್ಲಿ ಕೂತಿದೀಯಪ್ಪಾ?"

ಆ ಕಡೆಯಿಂದ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

"ಎದ್ದೇಳು ಮಂಜಾ," ಅಂದರು ಭಾವ. "ನಾನೂ ಎದ್ದಿದೀನಿ. ಏನೂ ಆಗಲ್ಲ."